ಚೌಕಾಬಾರದೊಳಗೊಂದು ಅಂಗಡಿ

ಕೌಂಟರಿನ ಹಿಂದೆ ಕೂತವರು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ನಗುವೇ ಸಾಲಿನಲ್ಲಿ ನಿಂತು ನಮ್ಮ ಹತ್ತಿರ ಬರುತ್ತದೆ. ಶೇಷಾದ್ರಿಪುರದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಹದಿನೆಂಟು ವರ್ಷ ಕೂತು, ಸಿಲಿಂಡರ್ ಬರದಿದ್ದಕ್ಕೆ, ಬಂದಿದ್ದಕ್ಕೆ, ಅವರು ಮನೆಯಲ್ಲಿ ಇಲ್ಲದಾಗ ಬಂದಿದ್ದಕ್ಕೆ ಬೈಸಿಕೊಂಡವಳು ನಾನು. ಬುಕಿಂಗ್ ಎಲ್ಲ ಫೋನಿಗೆ ಹೋಗಿ ಕೌಂಟರ್ ಮುಚ್ಚಿದ ಮೇಲೆ ಮನೆಯಲ್ಲಿ ಕೂತೆ. ಎರಡೇ ತಿಂಗಳಿಗೆ ಟೀವಿ ಧಾರಾವಾಹಿಯ ಅತ್ತೆಯರ ಜೊತೆ ಜೋರಾಗಿ ಜಗಳ ಆಡತೊಡಗಿದೆ. ಇವಳಿಗೆ ಏನಾದರೂ ಕೆಲಸ ಹುಡುಕಬೇಕು ಅಂತ ಮನೆಯವರೇ ಓಡಾಡಿ ಹಿಡಿದುಕೊಟ್ಟ ಕೆಲಸ ಇದು.

ಚಾಮರಾಜಪೇಟೆಯ ಒಂದು ಹಳೇ ಮನೆಯ ಮಹಡಿಯಲ್ಲಿ ನಮ್ಮ ಆಫೀಸು. ಇರುವುದು ಮೂರೇ ಜನ: ಮಾಲೀಕರು, ಕೋಡ್ ಬರೆಯುವ ಹುಡುಗಿ, ನಾನು. ನಾವು ನಡೆಸುವುದು ಮೊಬೈಲಿನ ಚೌಕಾಬಾರ. ಐದು ಸಾಲು, ಐದು ಮನೆ, ನಾಲ್ಕು ಕವಡೆ, ನಾಲ್ಕು ಜನ. ಒಬ್ಬರು ಮಲ್ಲೇಶ್ವರದಲ್ಲಿ, ಇನ್ನೊಬ್ಬರು ಬಸವನಗುಡಿಯಲ್ಲಿ ಕೂತು ಒಂದೇ ಮಣೆಯಲ್ಲಿ ಆಡಬಹುದು. ಆಡುವವರ ದೂರು ಕೇಳುವುದು ನನ್ನ ಕೆಲಸ. ಮಾಲೀಕರು ಅಂದರೆ ಭಾರೀ ಕುಳ ಅಂದುಕೊಳ್ಳಬೇಡಿ. ಬಿನ್ನಿಪೇಟೆಯ ಮೂವತ್ತೆರಡರ ಹುಡುಗ, ಅಜ್ಜಿ ಸೀಮೆಸುಣ್ಣದಲ್ಲಿ ಮನೆ ಬರೆದು ಕಲಿಸಿದ ಆಟವನ್ನು ಫೋನಿಗೆ ಹಾಕಿದವರು. ಸಂಬಳ ಕೊಡುವವರಾದ್ದರಿಂದ ಬಹುವಚನ.

ಆಡುವವರಿಗೆ ಬರ ಇರಲಿಲ್ಲ, ಯಾಕೆಂದರೆ ಆಟ ಪುಕ್ಕಟೆ. ಸರ್ವರಿನ ಬಾಡಿಗೆ ಪುಕ್ಕಟೆ ಅಲ್ಲವಲ್ಲ. ಆಷಾಢದಲ್ಲಿ ಒಂದು ದಿನ ಮಾಲೀಕರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ಆಟದೊಳಗೇ ಒಂದು ಅಂಗಡಿ ಇಡೋಣ. ಬೇಕಾದೋರು ತಗೋತಾರೆ. ವಿಜಯದಶಮಿವರೆಗೂ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಸರ್ವರ್ ಆಫ್ ಮಾಡೋದೇ, ಬೇರೆ ದಾರಿ ಇಲ್ಲ."

ನಾನು ಹೆದರಿದೆ. ಕೆಲಸ ಹೋಗುವ ಭಯ ಅರ್ಧ ಮಾತ್ರ. ಇನ್ನರ್ಧದ ವಿಷಯ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಧ್ಯಾಹ್ನ ಮೂರೂವರೆಯಿಂದ ನಾಲ್ಕರವರೆಗೆ ನನ್ನ ಟೀ ಹೊತ್ತು. ಆ ಹೊತ್ತಿನಲ್ಲಿ "ಕರಿಕವಡೆ" ಅನ್ನುವ ಹೆಸರು ಇಟ್ಟುಕೊಂಡು ನಾನೂ ಆಡುತ್ತಿದ್ದೆ. ದಿನವೂ ಅದೇ ನಾಲ್ಕು ಜನ: ಮಲ್ಲೇಶ್ವರದ ನಿವೃತ್ತ ಗಣಿತದ ಮೇಷ್ಟ್ರು, ಬಸವನಗುಡಿಯ ಒಬ್ಬ ಅಮ್ಮ, ಚಾಮರಾಜಪೇಟೆಯ ನಿವೃತ್ತ ಬಸ್ ಕಂಡಕ್ಟರ್, ನಾನು. ಯಾರೂ ಯಾರ ಮುಖವನ್ನೂ ನೋಡಿಲ್ಲ. ದೂರು ಕೇಳುವ ಹೆಂಗಸೇ ಕರಿಕವಡೆ ಅನ್ನುವುದು ಆ ಮೂವರಿಗೆ ಇಂದಿಗೂ ಗೊತ್ತಿಲ್ಲ.

ಬೆಳ್ಳಿ ಕವಡೆ

ಅಂಗಡಿಯಲ್ಲಿ ಮೊದಲು ಇಟ್ಟಿದ್ದು ಬೆಳ್ಳಿ ಕವಡೆ. ನಿಜವಾದ ಬೆಳ್ಳಿಯಲ್ಲ, ಪರದೆಯ ಮೇಲೆ ಮಿನುಗುವ ಕವಡೆಯ ಚಿತ್ರ. ಬೆಲೆ ನಲವತ್ತೊಂಬತ್ತು ರೂಪಾಯಿ. ಬೆಳಿಗ್ಗೆ ಹತ್ತಕ್ಕೆ ಅಂಗಡಿ ತೆರೆಯಿತು. ಹತ್ತೂ ಐದಕ್ಕೆ ಮೇಷ್ಟ್ರ ಫೋನು.

"ಏನಮ್ಮಾ ಇದು, ಬೆಳ್ಳಿ ಕವಡೆ ಅಂತ ಹಾಕಿದೀರಿ. ಇದನ್ನ ತಗೊಂಡ್ರೆ ಚೌಕ ಜಾಸ್ತಿ ಬೀಳತ್ತೇನು?"

"ಇಲ್ಲ ಸಾರ್. ಬೀಳೋದು ಮೊದಲಿನ ಹಾಗೇನೇ."

"ಸರಿಯಾಗಿ ಹೇಳಿ. ಜಾಸ್ತಿ ಬಿದ್ರೆ ಅದು ಮೋಸ. ಬೀಳದೇ ಇದ್ರೆ ನಮಗೆ ದಂಡ. ಎರಡರಲ್ಲಿ ನೀವು ಮಾರ್ತಿರೋದು ಯಾವುದು?"

ಹದಿನೆಂಟು ವರ್ಷದ ಗ್ಯಾಸ್ ಜೀವನದಲ್ಲಿ ಇಂಥ ಪ್ರಶ್ನೆ ಯಾರೂ ಕೇಳಿರಲಿಲ್ಲ. ಒಂದು ನಿಮಿಷ ಅಂತ ಹೇಳಿ ಫೋನಿಗೆ ಕೈ ಅಡ್ಡ ಹಿಡಿದು ಮಾಲೀಕರ ಕಡೆ ತಿರುಗಿದೆ. ಅವರು ಯೋಚಿಸಿ, "ನೋಡೋಕೆ ಚೆನ್ನಾಗಿರತ್ತೆ ಅಂತ ಹೇಳಿ ಮೇಡಂ" ಅಂದರು. ಹಾಗೇ ಹೇಳಿದೆ.

ಮೇಷ್ಟ್ರು ಬಹಳ ಸಮಾಧಾನದಿಂದ ಉತ್ತರ ಕೊಟ್ಟರು. "ನೋಡೋಕೆ ತಾನೇ? ಮುಂದಿನ ತಿಂಗಳು ಕಣ್ಣಿನ ಪೊರೆ ಆಪರೇಷನ್ ಇದೆ. ಅದಾದ್ಮೇಲೆ ನೋಡೋಣ."

ಹಿಂದಕ್ಕೆ ಹೋಗುವವರು

ಒಂದು ವಾರವಾದರೂ ವ್ಯಾಪಾರ ಇಲ್ಲ. ಆದರೆ ಹುಡುಗಿಯ ಕಂಪ್ಯೂಟರಿನಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಜನ ಅಂಗಡಿಗೆ ಬರುತ್ತಾರೆ, ಬೆಳ್ಳಿ ಕವಡೆ ಆರಿಸುತ್ತಾರೆ, ದುಡ್ಡು ಕಟ್ಟುವ ಬಟನ್‌ವರೆಗೂ ಹೋಗುತ್ತಾರೆ, ಅಲ್ಲಿಂದ ಹಿಂದಕ್ಕೆ ಬರುತ್ತಾರೆ. ಅರ್ಧ ಗಂಟೆ ಬಿಟ್ಟು ಮತ್ತೆ ಹೋಗುತ್ತಾರೆ, ಮತ್ತೆ ಹಿಂದಕ್ಕೆ ಬರುತ್ತಾರೆ. ಒಬ್ಬಿಬ್ಬರಲ್ಲ, ಸಾಲುಸಾಲು ಜನ.

ದುಡ್ಡು ಕಟ್ಟುವ ಕಡೆಯೇ ಏನೋ ಕೆಟ್ಟಿದೆ ಅಂತ ಹುಡುಗಿ ಎರಡು ದಿನ ಊಟ ಬಿಟ್ಟು ಹುಡುಕಿದಳು. ಏನೂ ಕೆಟ್ಟಿರಲಿಲ್ಲ. ಮಾಲೀಕರು ತಮ್ಮ ಫೋನು, ನನ್ನ ಫೋನು, ಕೆಳಗಡೆ ಮನೆಯವರ ಫೋನು ಎಲ್ಲದರಲ್ಲೂ ಒತ್ತಿ ನೋಡಿದರು. ಎಲ್ಲ ಸರಿಯಾಗಿತ್ತು. ಕೊನೆಗೆ ನಾನೇ, ಹೀಗೆ ಐದು ಸಲ ಹಿಂದಕ್ಕೆ ಬಂದಿದ್ದ ಬಸವನಗುಡಿಯ ಅಮ್ಮನಿಗೆ ಫೋನ್ ಮಾಡಿದೆ.

"ಅಮ್ಮಾ, ಚೌಕಾಬಾರದ ಆಫೀಸಿಂದ. ಬೆಳ್ಳಿ ಕವಡೆ ತಗೋಳೋಕೆ ಹೋಗಿ ವಾಪಸ್ ಬಂದಿದೀರಿ. ದುಡ್ಡು ಕಟ್ಟೋಕೆ ಏನಾದ್ರೂ ತೊಂದ್ರೆ ಆಯ್ತಾ?"

"ತೊಂದ್ರೆ ಏನೂ ಇಲ್ವಲ್ಲಮ್ಮಾ."

"ಮತ್ತೆ ಯಾಕೆ ವಾಪಸ್ ಬಂದ್ರಿ?"

"ಕರೀತೀರಿ ಅಂತ ಕಾಯ್ತಿದ್ದೆ. ಒಂದು ವಾರ ತಗೊಂಡ್ರಲ್ಲ ನೀವು! ಮಾರ್ಕೆಟ್ಟಲ್ಲಿ ನಾಲ್ಕು ಹೆಜ್ಜೆ ಹಾಕೋದ್ರೊಳಗೆ ಕರೀತಾರೆ. ಇರ್ಲಿ, ಈಗ ಹೇಳಿ, ಎಷ್ಟಕ್ಕೆ ಕೊಡ್ತೀರಿ?"

ನನಗೆ ಒಂದು ಕಡೆ ನಗು, ಒಂದು ಕಡೆ ನಾಚಿಕೆ. ಮೂವತ್ತು ವರ್ಷದಿಂದ ನಾನು ಸೊಪ್ಪಿನವಳ ಹತ್ತಿರ ಮಾಡುತ್ತಾ ಬಂದಿರುವುದೂ ಇದನ್ನೇ. ಆದರೂ ಹೊಳೆಯಲಿಲ್ಲ ನೋಡಿ. ವಿಷಯ ತಿಳಿಸಿದಾಗ ಮಾಲೀಕರಿಗೆ ಸಿಟ್ಟು ಬಂತು. "ಮೇಡಂ, ಇದೇನು ಕೆ.ಆರ್. ಮಾರುಕಟ್ಟೆನಾ? ನಮ್ಮದು ಫಿಕ್ಸೆಡ್ ರೇಟ್. ಕರೆಯೋ ಮಾತೇ ಇಲ್ಲ." ಅದನ್ನೂ ಅಮ್ಮನಿಗೆ ಹಾಗೇ ಹೇಳಿದೆ.

"ಆಗ್ಲಿ ಬಿಡಿ" ಅಂದರು ಅಮ್ಮ. "ಹೋಗ್ಲಿ, ಕೊಸರು ಅಂತ ಐದನೇ ಕವಡೆ ಒಂದಾದ್ರೂ ಹಾಕ್ಕೊಡಿ."

ಜಾಹೀರಾತಿಲ್ಲದ ಆಟ

ಕವಡೆ ಹೋಗದಿದ್ದರೆ ನೆಮ್ಮದಿ ಮಾರೋಣ ಅಂದರು ಮಾಲೀಕರು. ಆಟದ ಮಧ್ಯೆ ಆಗಾಗ ಜಾಹೀರಾತು ಬರುತ್ತಿತ್ತಲ್ಲ, ತಿಂಗಳಿಗೆ ತೊಂಬತ್ತೊಂಬತ್ತು ರೂಪಾಯಿ ಕಟ್ಟಿದವರಿಗೆ ಅದು ಬರುವುದಿಲ್ಲ. ನಮ್ಮ ಮಣೆಯ ಕಂಡಕ್ಟರ್ ಸಾಹೇಬರು ಮೊದಲನೇ ದಿನವೇ ಕಟ್ಟಿಬಿಟ್ಟರು. ಮಾಲೀಕರು ಖುಷಿಗೆ ಗಾಂಧಿಬಜಾರಿಂದ ಮಸಾಲೆದೋಸೆ ತರಿಸಿದರು. ದೋಸೆ ಬರುವುದಕ್ಕೂ ಕಂಡಕ್ಟರ್ ಫೋನ್ ಬರುವುದಕ್ಕೂ ಸರಿಹೋಯಿತು.

"ಮೇಡಂ, ನಂಗೆ ಜಾಹೀರಾತು ವಾಪಸ್ ಹಾಕ್ಕೊಡಿ."

"ಯಾಕ್ ಸಾರ್? ಅದು ಬೇಡ ಅಂತಾನೇ ದುಡ್ಡು ಕಟ್ಟಿದೀರಲ್ಲ?"

"ಕಟ್ಟಿದೀನಿ. ತಪ್ಪಾಗೋಯ್ತು. ಮನೇಲಿ ಅಡಿಗೆ ನಂದೇ. ಜಾಹೀರಾತು ಬಂದಾಗ ಎದ್ದು ಹೋಗಿ ಸಾರಿಗೆ ಒಗ್ಗರಣೆ ಹಾಕ್ತಿದ್ದೆ, ಹಾಲು ಇಳಿಸ್ತಿದ್ದೆ, ಕುಕ್ಕರ್ ಆರಿಸ್ತಿದ್ದೆ. ಇವತ್ತು ಹಾಲೂ ಉಕ್ತು, ಸಾರೂ ಸೀದೋಯ್ತು, ಅತ್ಲಾಗೆ ನಮ್ಮ ಮನೆಯೋರೂ ಉರೀತಿದಾರೆ."

ಹಾಗಾದರೆ ದುಡ್ಡು ಹಿಂದಕ್ಕೆ ಕೊಡಿಸುತ್ತೇನೆ ಅಂದೆ.

"ದುಡ್ಡಿನ ಮಾತಲ್ಲ ಮೇಡಂ" ಅಂದರು. "ಇರೋಬರೋ ಸ್ಟಾಪ್ ಎಲ್ಲ ತೆಗ್ದು ಡೈರೆಕ್ಟ್ ಬಸ್ ಮಾಡ್ಬಿಟ್ರೆ ಪ್ಯಾಸೆಂಜರ್ ಇಳಿಯೋದೆಲ್ಲಿ?"

ಹೋದ ಪ್ರಾಣ

ಆಮೇಲೆ ಬಂದದ್ದು "ವಾಪಸ್ ನಡೆ". ನಿಮ್ಮ ಕಾಯಿಯನ್ನು ಯಾರಾದರೂ ಕಡಿದರೆ ಐದು ರೂಪಾಯಿ ಕೊಟ್ಟು, ಆ ನಡೆಯನ್ನು ಅಳಿಸಿ ಕಾಯಿಯನ್ನು ಇದ್ದ ಮನೆಗೇ ವಾಪಸ್ ತರಬಹುದು. ನನಗೆ ಇದು ಒಂಚೂರೂ ಇಷ್ಟವಿರಲಿಲ್ಲ. ಆದರೆ ಸರ್ವರ್ ಉಳಿಯಬೇಕಲ್ಲ, ನಾವೇ ಬೋಣಿ ಮಾಡದಿದ್ದರೆ ಇನ್ಯಾರು ಮಾಡುತ್ತಾರೆ?

ಆ ಮಧ್ಯಾಹ್ನ ಮೂರೂ ಐವತ್ತಕ್ಕೆ ನನ್ನ ಕೊನೆಯ ಕಾಯಿ ಹಣ್ಣಾಗಲು ಎರಡೇ ಮನೆ ಬಾಕಿ. ಮೇಷ್ಟ್ರು ಚೌಕ ಹಾಕಿ ಅದನ್ನು ಕಡಿದರು. ಐದು ರೂಪಾಯಿ ಒತ್ತಿದೆ. ಸತ್ತ ಕಾಯಿ ಎದ್ದು ಕೂತಿತು. ಗೆದ್ದೆ. ನಾಲ್ಕು ಗಂಟೆಗೆ ಟೀ ಲೋಟ ಕೆಳಗಿಟ್ಟು ಕುರ್ಚಿಗೆ ಬರುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

"ಏನಮ್ಮಾ, ಹೋದ ಪ್ರಾಣ ಐದು ರೂಪಾಯಿಗೆ ವಾಪಸ್ ಬರತ್ತೇನು? ನಲವತ್ತು ವರ್ಷ ಪಾಠ ಮಾಡಿದೀನಿ, ಫೇಲಾದ ಒಬ್ಬ ಹುಡುಗನೂ ನನ್ನ ಮುಂದೆ ಐದು ರೂಪಾಯಿ ಹಿಡ್ಕೊಂಡು ನಿಂತಿಲ್ಲ. ಕರಿಕವಡೆ ಅಂತ ಯಾರೋ ಇದಾರೆ ನಮ್ಮ ಮಣೇಲಿ. ಮೊದ್ಲಿಂದಲೂ ನಂಗೆ ಆ ಮನುಷ್ಯನ ಮೇಲೆ ಅನುಮಾನ. ಅವರನ್ನ ಕರೆದು ವಿಚಾರಿಸಿ."

"ವಿಚಾರಿಸ್ತೀನಿ ಸಾರ್."

"ಕಟ್ಟುನಿಟ್ಟಾಗಿ ವಿಚಾರಿಸ್ಬೇಕು!"

ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು, ಕನ್ನಡಿ ನೋಡಿಕೊಂಡು ಬಂದೆ. ಮೇಷ್ಟ್ರಿಗೆ ಫೋನ್ ಮಾಡಿ ಹೇಳಿದೆ: "ಸಾರ್, ವಿಚಾರಿಸಿದೆ. ತಪ್ಪು ಒಪ್ಕೊಂಡಿದಾರೆ. ಇನ್ನು ಮುಂದೆ ಹೀಗೆ ಮಾಡಲ್ವಂತೆ."

"ನೋಡಿದ್ರಾ" ಅಂದರು ಮೇಷ್ಟ್ರು. "ನೀವು ಗದರಿಸಿದ ರೀತಿಗೆ ಹೆದರಿದಾನೆ."

ಶಾಲು

ನವರಾತ್ರಿ ಹತ್ತಿರ ಬಂತು. ಮೂರು ತಿಂಗಳಲ್ಲಿ ಅಂಗಡಿಯಿಂದ ಹುಟ್ಟಿದ್ದು ನಮ್ಮ ಮೂವರ ಕಾಫಿಗೂ ಸಾಲದು. ಪಾಡ್ಯದ ದಿನ ಬೆಳಿಗ್ಗೆ ಮಾಲೀಕರು ಆಟದೊಳಗೆ ಒಂದು ನೋಟೀಸು ಹಾಕಿದರು: ವಿಜಯದಶಮಿಯ ಸಂಜೆಗೆ ಆಟ ನಿಲ್ಲುತ್ತದೆ, ಇಷ್ಟು ದಿನ ಆಡಿದ್ದಕ್ಕೆ ವಂದನೆಗಳು. ಟೈಪ್ ಮಾಡಿದ ಮೇಲೆ ಅವರು ಬಹಳ ಹೊತ್ತು ಕಿಟಕಿಯ ಹತ್ತಿರ ನಿಂತಿದ್ದರು. ನನಗೆ ಅಳು ಬರುವ ಹಾಗಾಗಿ, ಸುಮ್ಮನೆ ಹುಡುಗಿಯ ಮೇಲೆ ರೇಗಿದೆ.

 ಆಟ ಮುಚ್ಚುವ ಮುಂಚೆ ಇರಲಿ ಅಂತ ಹುಡುಗಿ ಒಂದು ಹೊಸ ಬಟನ್ ಮಾಡಿದಳು. ಅಂಗಡಿಯಿಂದ ಒಂದು ವಸ್ತು ಕೊಂಡು ಜೊತೆಯಲ್ಲಿ ಆಡುವವರಿಗೆ ಉಡುಗೊರೆ ಕಳಿಸಬಹುದು. ಜರಿ ಶಾಲು ನಲವತ್ತೊಂಬತ್ತು, ತಾಂಬೂಲದ ತಟ್ಟೆ ತೊಂಬತ್ತೊಂಬತ್ತು, ಚಿನ್ನದ ಮಣೆ ನಾನೂರ ತೊಂಬತ್ತೊಂಬತ್ತು. ಎಲ್ಲವೂ ಚಿತ್ರವೇ. ಶಾಲು ಬಂದರೆ ನಿಮ್ಮ ಹೆಸರಿನ ಸುತ್ತ ಜರಿಯ ಅಂಚು ಕಾಣುತ್ತದೆ, ಅಷ್ಟೇ.

ಮರುದಿನ ಬಸವನಗುಡಿಯ ಅಮ್ಮ ಫೋನ್ ಮಾಡಿದರು. "ಮೂರು ತಿಂಗಳು ಕಾದೆ, ಕೊನೆಗೂ ಕರೀಲೇ ಇಲ್ಲ ನೀವು. ಈಗ ನೋಡಿದ್ರೆ ಬಾಗಿಲೇ ಮುಚ್ತೀರಂತೆ. ಬಾಗಿಲು ಮುಚ್ಚೋರ ಹತ್ರ ಚೌಕಾಸಿ ಮಾಡಿದ್ರೆ ಪಾಪ ಬರತ್ತೆ. ಆ ಶಾಲು ಅಂದಷ್ಟಕ್ಕೇ ತಗೊಂಡು ಮೇಷ್ಟ್ರಿಗೆ ಕಳಿಸ್ಬಿಟ್ಟಿದೀನಿ. ಎರಡು ವರ್ಷದಿಂದ ನನ್ನ ಕಾಯಿ ಕಡೀತಾ ಬಂದಿದಾರೆ ಪಾಪ, ಒಂದು ಸನ್ಮಾನ ಆದ ಹಾಗಿರ್ಲಿ ಅಂತ."

ಅವರು ಫೋನ್ ಇಟ್ಟರು, ಮೇಷ್ಟ್ರ ಫೋನ್ ಬಂತು. ಕಣ್ಣಿನ ಆಪರೇಷನ್ ಆಗಿದ್ದರಿಂದ ಶಾಲು ಅವರಿಗೆ ಸ್ಪಷ್ಟವಾಗಿ ಕಂಡಿತ್ತು.

"ಏನಮ್ಮಾ ಇದು? ನನ್ನ ಹೆಸರಿಗೆ ಏನೋ ಸುತ್ತಿದೀರಿ! ಇದನ್ನ ವಾಪಸ್ ಕಳಿಸಿ."

"ವಾಪಸ್ ಕಳಿಸೋಕೆ ಬರಲ್ಲ ಸಾರ್. ಅಮ್ಮ ಪ್ರೀತಿಯಿಂದ ಕೊಟ್ಟಿದಾರೆ."

"ಪ್ರೀತಿಯಿಂದ ಕೊಟ್ಟಿದಾರೆ, ಅದೇ ತೊಂದ್ರೆ. ನಾನು ಮುಯ್ಯಿ ಮಾಡೋದು ಬೇಡ್ವೇನಮ್ಮಾ? ಒಬ್ಬರ ಕೈಯಿಂದ ತಗೊಂಡು ತಿರುಗಿ ಕೊಡದೇ ಇರೋ ವಂಶ ನಮ್ಮದಲ್ಲ. ನೀವು ಎಂಟು ದಿನದಲ್ಲಿ ಅಂಗಡಿ ಮುಚ್ತೀರಿ. ಆಮೇಲೆ ಇದು ನನ್ನ ತಲೆ ಮೇಲೇ ಉಳಿಯತ್ತೆ."

"ನೀವೂ ಒಂದು ಶಾಲು ಕಳಿಸಿ ಸಾರ್. ನಲವತ್ತೊಂಬತ್ತೇ ರೂಪಾಯಿ."

 ಮೇಷ್ಟ್ರಿಗೆ ಕೋಪ ಏರಿತು. "ನಲವತ್ತೊಂಬತ್ತು ರೂಪಾಯಿ ಮುಯ್ಯಿ ಮಾಡೋರನ್ನ ನೀವು ನೋಡಿದೀರೇನಮ್ಮಾ? ಐವತ್ತೊಂದು ಇರತ್ತೆ, ನೂರೊಂದು ಇರತ್ತೆ. ಮೊದಲೇ ಎರಡು ರೂಪಾಯಿ ಕಮ್ಮಿ ಮಾಡಿ ಇಟ್ಟಿದೀರಿ. ನಿಮ್ಮ ಅಂಗಡೀಲಿ ಮರ್ಯಾದಸ್ಥರು ಕೊಡೋ ಅಂಥದ್ದು ಒಂದೂ ಇಲ್ಲ. ಅದಕ್ಕೇ ಯಾರೂ ತಗೋತಿಲ್ಲ!"

ಫೋನ್ ಇಟ್ಟವಳೇ ಮಾಲೀಕರ ಮೇಜಿನ ಮುಂದೆ ಹೋಗಿ ನಿಂತೆ. "ಸಾರ್, ಬೆಲೆ ಜಾಸ್ತಿ ಮಾಡ್ಬೇಕಂತೆ."

"ಯಾರು ಹೇಳಿದ್ದು?"

"ಗಿರಾಕಿ."

ಅವರು ನನ್ನ ಮುಖವನ್ನೇ ನೋಡಿದರು. "ಮೇಡಂ, ಪ್ರಪಂಚದಲ್ಲಿ ಎಲ್ಲಾ ಕಡೆ ನಲವತ್ತೊಂಬತ್ತು, ತೊಂಬತ್ತೊಂಬತ್ತೇ ಇಡೋದು. ಐವತ್ತು ದಾಟಿದ್ರೆ ಜನ ಹೆದರ್ತಾರೆ ಅಂತ."

"ಸಾರ್, ನಿಮ್ಮ ಮದುವೇಲಿ ಯಾರಾದ್ರೂ ಕವರ್ ಒಳಗೆ ನಾನೂರ ತೊಂಬತ್ತೊಂಬತ್ತು ರೂಪಾಯಿ ಇಟ್ಟು ಕೊಟ್ರಾ?"

 ಹುಡುಗಿ ಅಷ್ಟರಲ್ಲಿ ಬೆಲೆ ಬದಲಾಯಿಸಿಯೇ ಬಿಟ್ಟಿದ್ದಳು: ಶಾಲು ಐವತ್ತೊಂದು, ತಟ್ಟೆ ನೂರೊಂದು, ಚಿನ್ನದ ಮಣೆ ಐನೂರೊಂದು. ಐದು ನಿಮಿಷಕ್ಕೆ ಮೇಷ್ಟ್ರಿಂದ ಅಮ್ಮನಿಗೆ ನೂರೊಂದರ ತಾಂಬೂಲದ ತಟ್ಟೆ ಹೋಯಿತು. ತಾವು ಕೊಟ್ಟಿದ್ದಕ್ಕಿಂತ ಹೆಚ್ಚು ಬಂದದ್ದನ್ನು ಅಮ್ಮ ಸುಮ್ಮನೆ ಇಟ್ಟುಕೊಳ್ಳುವವರೇ? ಸಂಜೆಯೊಳಗೆ ಮೇಷ್ಟ್ರಿಗೆ ಇನ್ನೊಂದು ತಟ್ಟೆ, ಜೊತೆಗೆ ಒಂದು ಶಾಲು ಬಂತು. ಇದನ್ನು ನೋಡುತ್ತಿದ್ದ ಕಂಡಕ್ಟರ್ ತಾವೊಬ್ಬರೇ ಬಿಟ್ಟುಹೋದೆವಲ್ಲ ಅಂತ ಮೂವರಿಗೂ ಕಳಿಸಿದರು. ಮೂವರೂ ತಿರುಗಿ ಕಳಿಸಿದೆವು. ಮೇಷ್ಟ್ರು ಕರಿಕವಡೆಗೂ ಒಂದು ಶಾಲು ಕಳಿಸಿ, "ತಿದ್ದಿಕೊಂಡವರನ್ನು ಗೌರವಿಸಬೇಕು" ಅಂತ ಬರೆದಿದ್ದರು. ಓದಿ ಕಣ್ಣು ತುಂಬಿ ಬಂತು.

ಅಷ್ಟು ಹೊತ್ತಿಗೆ ಬೇರೆ ಮಣೆಗಳಿಗೂ ಹತ್ತಿಕೊಂಡಿತ್ತು. ಗೊಂಬೆ ಕೂರಿಸಿದ ದಿನಗಳು, ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ರೂಢಿ ನಮ್ಮವರಿಗಿಲ್ಲ. ಫೋನಿನೊಳಗೆ ಬಂದು ಆಡಿ ಹೋದವರನ್ನು ಮಾತ್ರ ಹೇಗೆ ಕಳಿಸುತ್ತಾರೆ? ತನಗೆ ಅಂತ ಐದು ರೂಪಾಯಿ ಬಿಚ್ಚದವರು ಇನ್ನೊಬ್ಬರಿಗೆ ಅಂತ ನೂರೊಂದು ಬಿಚ್ಚಿದರು. ವಿಜಯದಶಮಿಯ ಸಂಜೆ ಮಾಲೀಕರು ನೋಟೀಸು ತೆಗೆದು ಹಾಕಿದರು. ಹುಡುಗಿಗೂ ನನಗೂ ಅರ್ಧರ್ಧ ಕೇಜಿ ಮೈಸೂರುಪಾಕು.

ಮಾಲೀಕರ ಸರದಿ

ಕಥೆ ಇಲ್ಲಿಗೇ ನಿಲ್ಲಬೇಕಿತ್ತು. ಮಾಲೀಕರಿಗೆ ಕೃತಜ್ಞತೆ ಜಾಸ್ತಿಯಾಯಿತು. ಕಂಪನಿ ಉಳಿಸಿದವರು ಅಂತ ಮೇಷ್ಟ್ರಿಗೆ ಆಫೀಸಿನ ಕಡೆಯಿಂದ ಒಂದು ಚಿನ್ನದ ಮಣೆ ಕಳಿಸಿದರು. ಕಳಿಸುವ ಮುಂಚೆ ನನ್ನನ್ನು ಒಂದು ಮಾತು ಕೇಳಬಾರದೆ? ಎರಡೇ ನಿಮಿಷಕ್ಕೆ ಫೋನು.

"ಅಮ್ಮಾ, ನಿಮ್ಮ ಮಾಲೀಕರಿಗೆ ಮುಯ್ಯಿ ಮಾಡ್ಬೇಕು. ಆಟದಲ್ಲಿ ಅವರ ಹೆಸರೇನು?"

ಮಾಲೀಕರು ಆಡುತ್ತಿದ್ದದ್ದು ಕೋಡು ಸರಿಯಿದೆಯಾ ಅಂತ ನೋಡುವುದಕ್ಕೆ ಮಾತ್ರ. ಅವರ ಹೆಸರು "ಟೆಸ್ಟ್ ಒಂದು" ಅಂತಿತ್ತು. ಹಾಗೇ ಹೇಳಿದೆ.

"ಟೆಸ್ಟ್ ಒಂದು ಅನ್ನೋರಿಗೆ ಚಿನ್ನದ ಮಣೆ ಕೊಡೋಕಾಗತ್ತೇನಮ್ಮಾ? ತಂದೆತಾಯಿ ಇಟ್ಟ ಹೆಸರು ಹಾಕ್ಕೊಳೋಕೆ ಹೇಳಿ."

ಮಾಲೀಕರು ಹೆಸರು ಬದಲಾಯಿಸಿಕೊಂಡರು. ಚಿನ್ನದ ಮಣೆ ಬಂತು, ಮೇಲೆ ಒಂದು ತಾಂಬೂಲದ ತಟ್ಟೆಯೂ ಬಂತು. ಅವರು ಅದನ್ನೇ ನೋಡುತ್ತಾ ಕೂತರು. ಒಂದು ಗಂಟೆಯಾಯಿತು. ಮುಖ ಬಾಡುತ್ತಾ ಬಂತು.

"ಮೇಡಂ, ಒಂದು ತಟ್ಟೆ ಜಾಸ್ತಿ ಕಳಿಸಿದಾರೆ."

"ಹೌದು ಸಾರ್."

"ನಾನೀಗ ತಿರುಗಿ ಕೊಡ್ಬೇಕಲ್ವಾ?"

ಹುಡುಗಿ ಅಲ್ಲಿಂದಲೇ, "ಸಾರ್, ನಾನು ಪುಕ್ಕಟೆ ಹಾಕ್ಕೊಡ್ತೀನಿ, ಒಂದು ಸೆಕೆಂಡು" ಅಂದಳು.

"ಬೇಡ ಬೇಡ. ಆಫೀಸಿಂದ ಕೊಟ್ಟಿದ್ದು ಬೇರೆ, ನನ್ನ ಹೆಸರಲ್ಲಿ ಬಂದಿದ್ದು ಬೇರೆ. ನಮ್ಮಜ್ಜಿ ಇದ್ದಿದ್ರೆ ಬೈತಿದ್ರು" ಅಂತ ಜೇಬಿನಿಂದ ಕಾರ್ಡು ತೆಗೆದು, ತಮ್ಮದೇ ಅಂಗಡಿಯೊಳಗೆ ಗಿರಾಕಿಯಾಗಿ ಹೋದರು. ತಟ್ಟೆ ಆರಿಸಿದರು. ನೂರೊಂದು ರೂಪಾಯಿ. ದುಡ್ಡು ಕಟ್ಟುವ ಬಟನ್‌ವರೆಗೂ ಬಂದರು. ಬೆರಳು ಅಲ್ಲೇ ನಿಂತಿತು.

ಆಮೇಲೆ ಹಿಂದಕ್ಕೆ ಬಂದು, ಫೋನನ್ನು ಮೇಜಿನ ಮೇಲಿಟ್ಟು, ಕೈಕಟ್ಟಿ ಕೂತರು.

ನನಗೆ ಗಾಬರಿಯಾಯಿತು. "ಯಾಕ್ ಸಾರ್? ದುಡ್ಡು ಕಟ್ಟೋಕೆ ತೊಂದ್ರೆ ಆಗ್ತಿದೆಯಾ?"

"ತೊಂದ್ರೆ ಏನಿಲ್ಲ ಮೇಡಂ" ಅಂದರು, ಫೋನಿನಿಂದ ಕಣ್ಣು ತೆಗೆಯದೆ. "ಕರೀತಾರೇನೋ ಅಂತ ನೋಡ್ತಿದೀನಿ."